ಕುಂಜತ್ತೂರಿನಲ್ಲಿ ಸ್ಟಾಪಿಲ್ಲ

ಮೇಜಿನ ಮೇಲೆ ಇಪ್ಪತ್ತನಾಲ್ಕು ಮುಖಗಳು.
ಜಿಷಾ ಟೀಚರ್ ಒಂದೊಂದನ್ನೇ ಎತ್ತಿ ಹಿಡಿಯುತ್ತಾಳೆ.
ದೂಮಪ್ಪಣ್ಣನ ಬಲಗೈ ಮಡಿಲಲ್ಲಿ ಮಲಗಿದೆ
ಬೇರೆ ಯಾರದೋ ಕೈಯ ಹಾಗೆ.
ನೋಡಿ ಮುಗಿಸಿದ ಕಾರ್ಡನ್ನು ಎಡಗೈಯ ಬೆರಳ ಸಂದಿಗೆ
ಉದ್ದಕ್ಕೆ ಸಿಕ್ಕಿಸಿಕೊಳ್ಳುತ್ತಾನೆ, ಹತ್ತರ ನೋಟಿನಂತೆ.

ಕಾಸರಗೋಡಿನ ಬಸ್‌ಸ್ಟ್ಯಾಂಡಿನ ಹಿಂದೆ
ಮೆಡಿಕಲ್ ಶಾಪಿನ ಮೇಲಿನ ರೂಮು ಇದು.
ಕೆಳಗೆ ಹಾರ್ನ್ ಕೇಳಿದಾಗೆಲ್ಲ
ನಾವಿಬ್ಬರೂ ಒಟ್ಟಿಗೆ ಕತ್ತು ತಿರುಗಿಸುತ್ತೇವೆ.

ಮಾತು ಹೋಗಿ ಐದು ತಿಂಗಳು.
ಹೆಂಡತಿಯ ಹೆಸರು ಹೋಯಿತು, ನೀರು ಹೋಯಿತು, ಅನ್ನ ಹೋಯಿತು,
ತುಳುವೂ ಹೋಯಿತು, ಮಲಯಾಳವೂ.
ಉಳಿದದ್ದು
ಇಲ್ಲಿಂದ ತಲಪಾಡಿಯ ತನಕದ ಊರುಗಳು.

ಕಾರ್ಡಿನಲ್ಲಿ ಅಚ್ಚಾದದ್ದು ಮಲಯಾಳ.
ಅದರಡಿಗೆ ಸ್ಕೆಚ್ ಪೆನ್ನಿನಲ್ಲಿ ಕನ್ನಡ ಬರೆದದ್ದು ಯಮುನಕ್ಕ.
‘ಸಂಕಟಂ’ ಇದ್ದಲ್ಲಿ ಅವಳು ‘ಬೇಜಾರು’ ಬರೆದಿದ್ದಾಳೆ.
ಸಂಕಟ ನಿಮ್ಮಲ್ಲೂ ಉಂಟಲ್ಲ, ಕೇಳಿದಳು ಟೀಚರ್.
ಉಂಟು. ನಮ್ಮದು ಹೊಟ್ಟೆಯೊಳಗೆ ಸುತ್ತುವಂಥದ್ದು,
ಇಷ್ಟು ಸಣ್ಣ ಕಾರ್ಡಿಗೆ ಹಿಡಿಸುವುದಿಲ್ಲ.

ಮೊದಲು ಕೆಂಪು ಮುಖ, ಮೂಗಿನಿಂದ ಹೊಗೆ.
‘ಬಂದ್ಯೋಡು’ ಅಂದ ದೂಮಪ್ಪಣ್ಣ.
ಟೀಚರ್ ಪುಸ್ತಕದಲ್ಲಿ ತಪ್ಪು ಹಾಕಿದಳು.
ನಾನು ಕೈಯೆತ್ತಿದೆ, ಶಾಲೆಯ ಹುಡುಗನ ಹಾಗೆ:
ತಪ್ಪಲ್ಲ.
ಬಂದ್ಯೋಡಿನಲ್ಲಿ ಚೆಕ್ಕಿಂಗಿನವ ಹತ್ತಿ
ಐವತ್ತು ಜನರೆದುರು ಇವನ ಚೀಲ ಸೀಟಿನ ಮೇಲೆ ಸುರಿದ.
ಲೆಕ್ಕಕ್ಕಿಂತ ಎರಡೂಮುಕ್ಕಾಲು ರೂಪಾಯಿ ಹೆಚ್ಚಿತ್ತು.
ಹೆಚ್ಚಿದ್ದರೂ ಕಳ್ಳತನವೇ ಅಂದ.
ಆಮೇಲೆ ತಲಪಾಡಿಯ ತನಕ ಇವ ‘ರೈಟ್’ ಹೇಳಲೇ ಇಲ್ಲ,
ಬಾಗಿಲು ಬಡಿದು ಬಡಿದೇ ಬಸ್ಸು ಬಿಡಿಸಿದ.

ಕಣ್ಣರಳಿಸಿ ಹೆದರಿದ ಹೆಂಗಸು:
‘ಶಿರಿಯ.’
ಇದನ್ನು ಹೇಳಬೇಕೋ ಬೇಡವೋ.
ಆಟಿ ತಿಂಗಳು, ಕೊನೆಯ ಟ್ರಿಪ್ಪು, ಸೇತುವೆಯ ಮೇಲೆ
ಬ್ರೇಕು ನನ್ನ ಕಾಲಡಿಯಲ್ಲಿ ಬೆಣ್ಣೆಯಾಯಿತು.
ಒಳಗೆ ಏಳು ಜನ, ಎಲ್ಲರಿಗೂ ನಿದ್ದೆ.
ಎಚ್ಚರ ಇದ್ದದ್ದು ನಾವಿಬ್ಬರು, ಮತ್ತೆ ಹೊಳೆ.
ಹೇಗೋ ದಾಟಿ ಆಚೆಯ ಏರಿನಲ್ಲಿ ತಾನಾಗಿ ನಿಂತಿತು.
ಡಿಪೋದಲ್ಲಿ ಬರೆಸಿಲ್ಲ, ಮನೆಯಲ್ಲಿ ಹೇಳಿಲ್ಲ.
ಇಪ್ಪತ್ತೆರಡು ವರ್ಷ ನಮ್ಮ ನಡುವೆಯೇ ಇದ್ದದ್ದು
ಒಂದು ಚಿತ್ರದೆದುರು ಬಾಯಿ ಬಿಟ್ಟಿತು.
ಯಮುನಕ್ಕ ನನ್ನನ್ನೇ ನೋಡಿದಳು.

ಬಲೂನು ಹಿಡಿದು ನಗುವ ಹುಡುಗ: ‘ಉಪ್ಪಳ.’
ಎಂಟು ನಿಮಿಷ ಎಂಜಿನ್ ಬಂದ್, ಎರಡು ಗ್ಲಾಸು ಚಾ,
ಒಂದು ಪಳಂಪೊರಿ ಇಬ್ಬರಿಗೆ.
ಇಷ್ಟೆಯಾ, ಕೇಳಿದಳು ಟೀಚರ್.
ಇಷ್ಟೇ.
ಅವಳು ಬೇರೆ ಹಾಳೆ ತೆಗೆದು ಗೆರೆ ಎಳೆದಳು,
ಒಂದು ಬದಿಗೆ ಊರು, ಒಂದು ಬದಿಗೆ ಮುಖ,
ಟ್ರಿಪ್ ಶೀಟಿನ ಹಾಗೆ.

ಆಮೇಲೆ ಬಂದದ್ದು ನನಗೂ ತಿಳಿಯಲಿಲ್ಲ.
ಕಿಟಕಿಯಲ್ಲಿ ಒಬ್ಬ, ದೂರದಲ್ಲಿ ಒಂದು ದೀಪ.
ಯಮುನಕ್ಕನ ಸ್ಕೆಚ್ ಪೆನ್ನೂ ಅಲ್ಲಿ ಸೋತಿದೆ,
ಬರೆದು ಹೊಡೆದು, ಬರೆದು ಹೊಡೆದು.
‘ಕುಂಜತ್ತೂರು’ ಅಂದ, ಮೆಲ್ಲ,
ಕೂಗುವ ಕಂಡಕ್ಟರನಂತಲ್ಲ, ಇಳಿಯುವವನಂತೆ.

ಹತ್ತೊಂಬತ್ತು ವರ್ಷ ನಾನು ಓಡಿಸಿದ ಗಾಡಿಗೆ
ಕುಂಜತ್ತೂರಿನಲ್ಲಿ ಸ್ಟಾಪಿಲ್ಲ.

‘ಮೊಯ್ದಿನಬ್ಬ, ಅಲ್ಲಿ ಏನಿತ್ತು?’
ಗೊತ್ತಿಲ್ಲ ಯಮುನಕ್ಕ. ದೇವರಾಣೆಗೂ ಗೊತ್ತಿಲ್ಲ.
ಆ ತಿರುವು ಬಂದಾಗ ಇವ ಎಡದ ಕಿಟಕಿಗೆ ಸರಿದು
ಚಿಲ್ಲರೆ ಎಣಿಸುವುದು ಕನ್ನಡಿಯಲ್ಲಿ ಕಂಡದ್ದುಂಟು.
ಎಣಿಸುವವ ಚೀಲ ನೋಡುತ್ತಿರಲಿಲ್ಲ.
ಅದನ್ನು ಹೇಳಲಿಲ್ಲ.

ಕೊನೆಯದು ಸಂಕಟಂ, ಬೇಜಾರು.
ಕೆನ್ನೆಯ ಮೇಲೆ ಒಂದು ನೀಲಿ ಹನಿ.
ತುಂಬ ಹೊತ್ತು ನೋಡಿದ. ಊರು ಬರಲಿಲ್ಲ.
ಎಡಗೈ ಎತ್ತಿ, ಬೆರಳ ಗೆಣ್ಣಿನಿಂದ ಮೇಜಿಗೆ
ಒಂದೇ ಸಲ ಬಡಿದ.

ಒಂದು ಬೆಲ್ಲಿಗೆ ಏನರ್ಥ ಅಂತ
ನನಗೆ ಯಾರೂ ಹೇಳಬೇಕಾಗಿಲ್ಲ.
ಮೇಜಿನಡಿಯಲ್ಲಿ, ಚಪ್ಪಲಿ ಕಳಚಿಟ್ಟ ನನ್ನ ಬಲಗಾಲು
ಸಿಮೆಂಟಿನ ನೆಲವನ್ನು ಒತ್ತಿ ಹಿಡಿಯಿತು.