ಎಣಿಸಿ ಹೇಳು

ಹನ್ನೆರಡು ತುಂಬಿದರೂ ಪ್ರಾಜಕ್ತಾಗ
ಹಾಲುಹಲ್ಲು ಬಿದ್ದ ಜಾಗಾ ಖಾಲಿನೇ ಅದ ಅಂತ
ಸೊಲ್ಲಾಪುರದ ಸಾತರಸ್ತಾಕ್ಕ, ಹಲ್ಲಿನ ದವಾಖಾನಿಗೆ
ಕರಕೊಂಡು ಹೋದೆ.

ಡಾಕ್ಟರಬಾಯಿ ಎಕ್ಸ್‌ರೇ ಬೆಳಕಿಗೆ ಹಿಡಿದಳು.
ನಾ ಟವೆಲ್ ಕಾರಖಾನ್ಯಾಗ ಚೆಕಿಂಗ್ ಮಾಡಾಕಿ,
ಹದಿನಾಲ್ಕು ವರ್ಷ ಟ್ಯೂಬ್‌ಲೈಟಿನ ಮುಂದ
ಬಟ್ಟಿ ಹಿಡಿದು ತಪ್ಪಿದ ಎಳಿ ಹುಡುಕಿದಾಕಿ.
ಹೇಳೂಕಿಂತ ಮೊದಲೇ ಕಂಡಿತು:
ದವಡಿ ಒಳಗ ಮೊಳಕಿನೇ ಇಲ್ಲ.
ಬಿದ್ದು ಹೋಗೋದು ಬ್ಯಾರೆ,
ಬಿತ್ತದೇ ಇರೋದು ಬ್ಯಾರೆ.

‘ಒಂಬತ್ತು ಹುಟ್ಟೇ ಇಲ್ಲ’ ಅಂದಳು.
ನಾ ನಕ್ಕೆ, ಬಾಯಿ ಮುಚ್ಚಿ,
ನಮ್ಮ ಮನಿ ಮಂದಿ ನಗೋ ಹಾಂಗ.

ನೀಲವ್ವತ್ತಿ ಕನ್ಯಾ ತೋರಿಸೋ ದಿವಸ
ಹೆಸರು ಕೇಳಿದರ ನೆಲಾ ನೋಡಿ ಹೇಳಿದಳಂತ.
ಎಂಥಾ ನಾಚಿಕಿ ಹುಡುಗಿ ಅಂತ ಬೀಗರು ಮೆಚ್ಚಿದರು.
ಅಪ್ಪಗ ಶೇಂಗಾ ಕುಟ್ಟಿ ಕೊಡಬೇಕಿತ್ತು.
ನನಗ ಏಳಿಲ್ಲ; ಲಗ್ನದ ಫೋಟೋದಾಗ
ತುಟಿ ಹೊಲಿದಾಂಗ ನಿಂತೀನಿ.
ಗ್ರಹಣದಾಗ ಮುತ್ತಜ್ಜಿ ಕತ್ತರಿ ಹಿಡಿದಿದ್ದಳು,
ಅದಕ್ಕ ಹಿಂಗ, ಅಂತಿದ್ದರು. ಮುಗೀತು ವಿಚಾರಣಿ.

ಡಾಕ್ಟರಬಾಯಿ ಪೆನ್ನು ಕೆಳಗಿಟ್ಟಳು.
‘ಮನ್ಯಾಗ ಯಾರಿಗರ ಕರುಳಿನ ಕ್ಯಾನ್ಸರ್ ಆಗಿತ್ತೇನು?’
ಹಲ್ಲಿನ ಡಾಕ್ಟರಗ ಕರುಳಿನ ಉಸಾಬರಿ ಯಾಕ?
‘ಇಲ್ರಿ’ ಅಂದೆ.

ಯಾಕಂದರ ಅಪ್ಪಗ ಆಗಿದ್ದು ಮೂಲವ್ಯಾಧಿ.
ಹಾಂಗಂತ ಅವನೇ ಹೇಳಿದ್ದ, ನಾಲ್ವತ್ನಾಲ್ಕರಾಗ,
ರಕ್ತ ಹತ್ತಿದ ಧೋತರ ತಾನೇ ಒಗೆದು
ಯಾರೂ ಏಳೂಕಿಂತ ಮೊದಲ ಒಣಗ ಹಾಕಿ.
ಹಲ್ಲು ಕಚ್ಚಿ ತಡಕೋ ಅಂತಾರ ಮಂದಿ.
ಕಚ್ಚಾಕ ಹಲ್ಲಿಲ್ಲದಾಂವ
ಮಾತು ಕಚ್ಚಿ ತಡಕೊಂಡ.
ನೀಲವ್ವತ್ತಿದು ಹೊಟ್ಟಿನೋವು.
ಬಾಬೂಕಾಕಾಂದು ಯಾರೋ ಮಾಡಿಸಿದ್ದು.

ನಾ ಅಂದ ‘ಇಲ್ಲ’ ಇನ್ನೂ ಮೇಜಿನ ಮ್ಯಾಲೇ ಇತ್ತು.
ತಿರುಗಿ ತಗೊಂಡೆ.

ಆಕಿ ಸಾವಕಾಶ ಹೇಳಿದಳು:
ಒಂದೆರಡು ಹಲ್ಲಿಲ್ಲದವರು ಊರ ತುಂಬ ಅದಾರ,
ಅಷ್ಟಕ್ಕ ಹೆದರಬಾರದು.
ಇಷ್ಟೊಂದು ಇಲ್ಲದ ಕೆಲವೇ ಮನೆತನದಾಗ,
ಹಲ್ಲಿಗೆ ಹುಟ್ಟು ಅನ್ನೋ ಹುಕುಮೇ
ಕರುಳಿಗೆ ಸಾಕು ನಿಲ್ಲು ಅಂತದ.
ಅಲ್ಲಿ ತಪ್ಪಿದ್ದು ಇಲ್ಲೂ ತಪ್ಪಬಹುದು.
‘ಬಹುದು ಅಂದೆ, ಬಾಯೀ. ನೆನಪಿಡ್ರಿ.
ದುರ್ಬೀನು ಹಾಕಿ ನೋಡಿಸಿಕೋರಿ,
ಗಂಟು ಸಣ್ಣದಿರೂವಾಗ ತಗೀಲಿಕ್ಕೆ ಬರತದ.
ಮೊದಲ ನೀವು.’

ಮಗ್ಗದ ಫಣಿಯಾಗ ಒಂದು ಹಲ್ಲು ಹೋದರ
ತಾನಿನ ಉದ್ದಕ್ಕೂ ಗೆರಿ ಬೀಳತದ.
ಮೊದಲನೇ ಟವೆಲ್ಲಿಗೇ ಕೂಗಿದರ ಮಗ್ಗ ನಿಲ್ಲಸ್ತಾರ.
ಅದೇ ನನ್ನ ಪಗಾರ.
ಮನಿ ಬಟ್ಟಿ ಮಾತ್ರ
ಬೆಳಕಿಗೆ ಹಿಡಿದಿರಲೇ ಇಲ್ಲ.

ರಿಕ್ಷಾದಾಗ ಪ್ರಾಜಕ್ತಾ
ತನ್ನ ದವಡಿ ಕಣ್ಣಿಗೆ ಹಿಡಿದು ಊರು ನೋಡಿದಳು.
‘ಆಯೀ, ನನ್ನ ಬಾಯಾಗ ಮಿಲ್ಲಿನ ಚಿಮಣಿ!’
ನಕ್ಕಳು, ಬಾಯಿ ತೆರೆದು, ಖಾಲಿ ಜಾಗಾ ಎಲ್ಲಾ ಕಾಣೋ ಹಾಂಗ.
ಮುಚ್ಚ ಬಾಯಿ ಅನ್ನೋ ಮಾತು
ನಾಲಿಗಿ ತುದಿಗೆ ಬಂದು
ಹೊರಗ ಬೀಳಲಿಲ್ಲ.

ರಾತ್ರಿ ವಳಸಂಗಕ್ಕ ಫೋನ್ ಹಚ್ಚಿದೆ, ಸಿದ್ರಾಮಗ,
ನೀಲವ್ವತ್ತಿ ಮಗಗ.
ಎರಡೆಕರೆ ಸಲುವಾಗಿ ಆರು ವರ್ಷ ಮಾತಿಲ್ಲ.
ಎತ್ತಿದ. ಸುಮ್ಮನಿದ್ದ. ನಾನೂ.
‘ವಕೀಲ ಏನರ ಅಂದನೇನು?’
‘ವಕೀಲ ಅಲ್ಲೋ. ಕನ್ನಡಿ ಮುಂದ ಹೋಗು.
ಬಾಯಿ ತೆಗಿ. ಹಲ್ಲು ಎಣಿಸಿ ಹೇಳು.’
‘ಹುಚ್ಚು ಹಿಡದದೇನು ನಿನಗ?’
‘ನಿಮ್ಮವ್ವನ ಆಣಿ, ಎಣಿಸು.’

ಸ್ವಿಚ್ಚಿನ ಸಪ್ಪಳ. ಬಾಯಾಗ ಬಳ್ಳು ಇಟ್ಟುಕೊಂಡು
ತೊದಲಿ ಎಣಿಸತೊಡಗಿದ,
ಸಾಲ್ಯಾಗ ಕಲಿತಾಂಗ ಮರಾಠಿಯೊಳಗ,
ಏಕ, ದೋನ, ತೀನ...

ಎಕವೀಸಕ್ಕ ನಿಂತ.
ಇನ್ನೊಮ್ಮೆ ಮೊದಲಿಂದ ಎಣಿಸಿದ.
ಆಮ್ಯಾಲೆ ಕೇಳಿದ, ಕನ್ನಡದಾಗ,
ಅವರವ್ವನ ದನಿಯಾಗ:
‘ಎಷ್ಟಿರಬೇಕಿತ್ತು?’