ಮೂರನೆಯ ಸಾಲಿನ ಸೊನ್ನೆ

ಓಸ್ತ್ರಾವದ ಟ್ರಾಮ್ ಡಿಪೋದಲ್ಲಿ ತಂತಿ ಬೆಸೆಯುತ್ತಿದ್ದ ಬೊರ್ಝಿವೊಯ್
ಎಂಬತ್ತಾರರ ಚಳಿಗಾಲ ಮನೆಗೊಂದು ಕಂಪ್ಯೂಟರ್ ತಂದ:
ರಬ್ಬರು ಕೀಲಿಗಳು, ಕ್ಯಾಸೆಟ್ಟಿನ ಕೀರಲು,
ಪರದೆಯೆಂದರೆ ಅಡುಗೆಮನೆಯ ಟೀವಿ.
ಮೊದಲು ಒತ್ತಿದ್ದು ತನ್ನ ಹೆಸರು.
ಬಂತು, ಕೊಕ್ಕೆಯಿಲ್ಲದೆ,
ಟೋಪಿ ಮರೆತು ಹಿಮಕ್ಕೆ ಹೊರಟವನ ಹಾಗೆ.

ಅವರ ನುಡಿಯಲ್ಲೊಂದು ರ ಇದೆ,
ಝಕಾರವನ್ನು ಹಲ್ಲಸಂದಿಯಲ್ಲಿ ಕಚ್ಚಿಕೊಂಡು ನಡುಗುವ ರ.
ನಮ್ಮ ಒತ್ತಿನಂತೆ ಕೆಳಗಿಳಿಯದು;
ನೆತ್ತಿಯ ಮೇಲೆ ಪುಟ್ಟ ಕೊಕ್ಕೆ, ಹಕ್ಕಿ ಕೂತಂತೆ.
ಎಂಟು ಮನೆ ಅಡ್ಡ, ಎಂಟು ಮನೆ ಉದ್ದದ ಆ ಚೌಕದಲ್ಲಿ
ಹಕ್ಕಿಗೆ ಜಾಗ ಬಿಟ್ಟಿರಲಿಲ್ಲ ಯಾರೂ.

ಚೌಕುಳಿ ಹಾಳೆಯ ನೋಟ್‌ಬುಕ್ಕು ತೆಗೆದ.
ಅಕ್ಷರದ ಭುಜ ಹಿಡಿದು ಕೆಳಗೆ ಅದುಮಿ,
ತುಂಬಿದ ಮನೆಗಳ ಲೆಕ್ಕ ಕೂಡಿಸಿದ, ಸಾಲಿಗೊಂದರಂತೆ:
ಮೂವತ್ತಾರು, ಇಪ್ಪತ್ನಾಲ್ಕು, ಸೊನ್ನೆ,
ನಲವತ್ನಾಲ್ಕು, ನಲವತ್ತೆಂಟು,
ಮೂವತ್ತೆರಡು, ಮತ್ತೆ ಮೂವತ್ತೆರಡು, ಸೊನ್ನೆ.
ಸೂಪು ಕಲಕುತ್ತಿದ್ದ ಯಿಂದ್ರಿಷ್ಕಾ ತಿರುಗಿ ನೋಡಿ
"ಇದಕ್ಕಾ ಮೂರು ರಾತ್ರಿ?" ಅಂದಳು.
ಇದಕ್ಕೇ.

ಈಗ ತಮ್ಮನ ಮಗಳು ರಾದ್ಕಾ
ಆ ನೋಟ್‌ಬುಕ್ಕಿನಿಂದ ಫಾಂಟು ಬಿಡಿಸುತ್ತಾಳೆ.
ಒಂದೇ ಫಾಂಟು, ಒಳಗೆ ಎಣಿಸಲಾಗದಷ್ಟು:
ಸ್ಲೈಡರ್ ಎಡಕ್ಕೆಳೆದರೆ ಕೂದಲೆಳೆ, ಬಲಕ್ಕೆ ಹಂದರಗಂಬ;
ಇನ್ನೊಂದು ಸ್ಲೈಡರು ಚೌಕದ ಮೂಲೆಗಳನ್ನು
ಬಾಯಲ್ಲಿಟ್ಟ ಕಲ್ಲುಸಕ್ಕರೆಯಂತೆ ಸವೆಸುತ್ತದೆ.
ಚೌಕಕ್ಕೂ ದುಂಡಿಗೂ ನಡುವೆ
ಹೆಸರಿಲ್ಲದ ರಗಳು ಸಾಲುಗಟ್ಟಿ ನಿಂತಿವೆ,
ಯಾವುದೂ ಸುಳ್ಳಲ್ಲ.

ಭಾನುವಾರ ಲ್ಯಾಪ್‌ಟಾಪ್ ಹೊತ್ತು ಹೋದಳು.
ಎಡಗಣ್ಣಿಗೆ ಪೊರೆ ಬಂದ ದೊಡ್ಡಪ್ಪ
ಮೂಗು ಗಾಜಿಗೆ ತಾಗುವಷ್ಟು ಬಾಗಿ
ತನಗೆ ಕಾಣುವ ದಪ್ಪಕ್ಕೆ ಎಳೆದ, ಇನ್ನೂ ಎಳೆದ.
ಅಕ್ಷರ ಉಂಡು ಉಬ್ಬಿತು,
ಕೊಕ್ಕೆ ನೆತ್ತಿಗೆ ಅಂಟಿ ಮುದ್ದೆಯಾಯಿತು.

"ನನ್ನ ಸೊನ್ನೆ ಎಲ್ಲಿ?"

ಅವಳಿಗೆ ತಕ್ಷಣ ಹೊಳೆಯಲಿಲ್ಲ.
ಆತ ನೋಟ್‌ಬುಕ್ಕು ತೆರೆದು ಮೂರನೆಯ ಸಾಲಿಗೆ ಬೆರಳಿಟ್ಟ:
ಎಂಟು ಖಾಲಿ ಮನೆಗಳು. ಅಳಿಸಿ ಅಳಿಸಿ
ಕಾಗದ ಅಲ್ಲಿ ತೆಳುವಾಗಿದೆ, ಬೆಳಕು ದಾಟುವಷ್ಟು.
"ತುಂಬೋದಕ್ಕೆ ಒಂದು ರಾತ್ರಿ ಹಿಡೀತು.
ಬಿಡೋದಕ್ಕೆ ಎರಡು."

ವಾಪಸು ಟ್ರಾಮಿನಲ್ಲಿ, ತೊಡೆಯ ಮೇಲೆ ಲ್ಯಾಪ್‌ಟಾಪು,
ದಪ್ಪದ ಕಟ್ಟಕಡೆಯ ತುದಿಗೆ ಹೋಗಿ
ಕೊಕ್ಕೆಯನ್ನು ಒಂದೆಳೆ ಮೇಲೆತ್ತಿದಳು.
ಸಾಲದು. ಇನ್ನೊಂದೆಳೆ.
ತಿರುವಿನಲ್ಲಿ ಗಾಡಿ ಕುಲುಕಿ ಕೈ ತಪ್ಪಿತು;
ಮತ್ತೆ ಎತ್ತಿದಳು.
ಪಕ್ಕದ ಸೀಟಿನ ಹುಡುಗ ಇಣುಕಿ,
ಏನೂ ಕಾಣದೆ, ಕಿಟಕಿಗೆ ತಿರುಗಿದ.