ಒಂಬತ್ತು ತೂತಿನ ಉಣ್ಣೆ

ನಾರಿನ್ ಊರಿನಲ್ಲಿ ಚಳಿಗಾಲವೆಂದರೆ ಐದು ತಿಂಗಳು.
ಆ ಐದೂ ತಿಂಗಳು ನಮ್ಮ ಮನೆಗೆ ಬಂದವರು
ತಟ್ಟಿ, ಕೈಗವಸು ಕಳಚಿ ಮತ್ತೆ ತಟ್ಟಿ,
ಕೊನೆಗೆ ಕಿಟಕಿಯ ಹಿಮ ಕೆರೆದು ಇಣುಕುತ್ತಿದ್ದರು.
ಒಳಗೆ ಅಮ್ಮ ಬಾಗಿಲಿಗೆ ಬೆನ್ನು ಹಾಕಿ ಕೂತು
ತುಳಿದು ಹದ ಮಾಡಿದ ಉಣ್ಣೆಗೆ ಅಂಚು ಹೊಲಿಯುತ್ತಿದ್ದಳು.
ನಾನು ಹುಟ್ಟುವ ಮೊದಲು ಬಂದ ಜ್ವರವೊಂದು
ಹೋಗುವಾಗ ಅವಳ ಕಿವಿ ಕೊಂಡೊಯ್ದಿತ್ತು.

ಬಸ್ ನಿಲ್ದಾಣದ ಹಿಂದೆ, ಕಬ್ಬಿಣದ ಕಂಟೇನರಿನೊಳಗೆ
ಅಸಾನ್ಕೋಜೋ ತಾತನ ರೇಡಿಯೋ ರಿಪೇರಿ.
ಹನ್ನೊಂದು ವರ್ಷದ ನನ್ನ ಕೈಗೆ ಒಂದು ಚೌಕದ ಬ್ಯಾಟರಿ,
ಒಂದು ಕೆಂಪು ಎಲ್‌ಇಡಿ ಕೊಟ್ಟು
"ಹಚ್ಚು" ಅಂದ, ಅಷ್ಟೇ.
ಹಚ್ಚಿದೆ. ಪಟ್ ಅಂತು. ಮೂಗಿಗೆ ಸುಟ್ಟ ವಾಸನೆ.
"ಹಸಿದವನ ಬಾಯಿಗೆ ಹಂಡೆಯನ್ನೇ ಬಗ್ಗಿಸಿದೆಯಲ್ಲೇ!"
ನಕ್ಕು, ಅಕ್ಕಿಕಾಳಿನಷ್ಟು ದಪ್ಪದ ರೆಸಿಸ್ಟರೊಂದನ್ನು ಹುಡುಕಿ ಕೊಟ್ಟ:
ಹಳದಿ, ನೇರಳೆ, ಕಂದು.

ಅದನ್ನು ಅಮ್ಮನಿಗೆ ತೋರಿಸಿದೆ.
ಕಣ್ಣಿನ ಹತ್ತಿರ ಹಿಡಿದು, ತನಗೇ ಕೇಳದ ದೊಡ್ಡ ದನಿಯಲ್ಲಿ
"ಹಳದಿಯ ಪಕ್ಕಕ್ಕೆ ನೇರಳೆ! ಯಾರಪ್ಪಾ ಈ ಧೈರ್ಯವಂತರು" ಅಂದಳು.

ಉದ್ದ ಕಾಲು ಧನ, ಗಿಡ್ಡ ಕಾಲು ಋಣ.
ತಿರುವುಮುರುವಾದರೆ ದೀಪ ಜಗಳವಾಡುವುದಿಲ್ಲ,
ಸುಮ್ಮನಿರುತ್ತದೆ, ಅಷ್ಟೇ,
ನಮ್ಮ ಮನೆಯವರ ಹಾಗೆ.

ಮೊದಲ ಸ್ವಿಚ್: ರಟ್ಟಿನ ಮೇಲೆ ಎರಡು ಪಿನ್ನು, ನಡುವೆ ಒಂದು ಕ್ಲಿಪ್ಪು.
ಇಡೀ ಸಂಜೆ ತಿರುಗಿಸಿದೆ, ಹೌದು, ಇಲ್ಲ, ಹೌದು, ಇಲ್ಲ,
ಬೆರಳಿನ ತುದಿಯಲ್ಲಿ ಅಷ್ಟೊಂದು ಅಧಿಕಾರ
ನನಗೆ ಅಲ್ಲಿಯವರೆಗೆ ಯಾರೂ ಕೊಟ್ಟಿರಲಿಲ್ಲ.
ಎರಡನೆಯದು ಬಟ್ಟೆ ಒಣಹಾಕುವ ಚಿಮ್ಮಟದ್ದು.
ಅದು ತಲೆತಿರುಕ, ಒತ್ತಿದರೆ ಆರುವುದು.

ಮೂರನೆಯದಕ್ಕೆ ಅಮ್ಮನ ಬುಟ್ಟಿಯಿಂದ ಬೂದು ಉಣ್ಣೆಯ ತುಂಡು ಕದ್ದೆ,
ಕತ್ತರಿಯಲ್ಲಿ ಒಂಬತ್ತು ತೂತು ಕೊರೆದೆ.
ಮೇಲೊಂದು, ಕೆಳಗೊಂದು ಚಹಾ ಪೊಟ್ಟಣದ ಬೆಳ್ಳಿ ಹಾಳೆ.
ತುಳಿಯದಿದ್ದರೆ ಉಣ್ಣೆ ಅವನ್ನು ದೂರ ಇಡುತ್ತದೆ,
ತುಳಿದರೆ ತೂತಿನೊಳಗೆ ಹಾಳೆಗೆ ಹಾಳೆ ತಾಗುತ್ತದೆ.
ಬಾಗಿಲ ಸಂದಿಯಿಂದ ತಂತಿ ಎಳೆದು
ದೀಪವನ್ನು ಅಮ್ಮನ ಸೂಜಿಡಬ್ಬಿಗೆ ಕಟ್ಟಿದೆ.

ಹೊರಗೆ ಹೋಗಿ ಮೆಟ್ಟಿಲ ಮೇಲೆ ನಿಂತೆ.
ತಟ್ಟಲಿಲ್ಲ.
ಬಾಗಿಲು ತೆರೆಯಿತು.

ಆಮೇಲೆ ಊರಿಗೆಲ್ಲ ಅದೇ ಆಟ.
ಅಂಚೆಯ ಬುರುಲ್ಚಾ ಬಂದರೆ ಎರಡು ಸಲ ಕುಪ್ಪಳಿಸುವಳು,
ಎರಡು ಮಿನುಗೆಂದರೆ ಕಾಗದ, ಒಂದೇ ಆದರೆ ಹರಟೆ.
ಕದ್ದ ಉಣ್ಣೆಗೆ ಬೈಗುಳ ಬರಲೇ ಇಲ್ಲ.

ಮಾರ್ಚಿಯ ಒಂದು ರಾತ್ರಿ, ನೀರುನೀರಾದ ಹಿಮ.
ಕತ್ತಲಲ್ಲಿ ದೀಪ ಉರಿಯುತ್ತಿತ್ತು. ಉರಿ ಅನ್ನಲಾಗದಷ್ಟು,
ಬೂದಿಯೊಳಗಿನ ಕೆಂಡದ ಕಣ್ಣಿನಷ್ಟು.
ಅಮ್ಮ ಎದ್ದು ಬಾಗಿಲು ತೆರೆದಳು.
ಯಾರೂ ಇಲ್ಲ. ಹೆಜ್ಜೆ ಗುರುತೂ ಇಲ್ಲ.
ಹೊಸ್ತಿಲಾಚೆ ಮೊಣಕಾಲೆತ್ತರ ಹಿಮ, ಅತಿಥಿಯ ಹಾಗೆ.

ಬೆಳಿಗ್ಗೆ ತಾತ ಬಂದು ಉಣ್ಣೆಯನ್ನು ಹಿಂಡಿದ.
ಮಸಿಬಣ್ಣದ ನೀರು ಇಳಿಯಿತು.
"ಒಣ ಉಣ್ಣೆ ಇಲ್ಲ ಅನ್ನುತ್ತೆ. ಹಾಳೆ ಹೌದು ಅನ್ನುತ್ತೆ.
ಒದ್ದೆ ಉಣ್ಣೆ ಮಾತ್ರ ಗೊಣಗುತ್ತೆ ನೋಡು.
ಪ್ಲಾಸ್ಟಿಕ್ ಸುತ್ತಿದರೆ ಸರಿಹೋಯ್ತು."
ಅವನ ತುಟಿಗಳನ್ನೇ ನೋಡುತ್ತಿದ್ದ ಅಮ್ಮ
ಕಿವಿಯ ಮೇಲೆ ಕೈಯಿಟ್ಟುಕೊಂಡು "ಹೀಗೇ" ಅಂದಳು.
ಲಾರಿ ಹೋದರೆ, ಗುಡುಗಿದರೆ,
ನಾನು ಚಿಕ್ಕವಳಿದ್ದಾಗ ಎದೆಗೆ ಒರಗಿ ಅತ್ತರೆ, ಹೀಗೇ, ಇಷ್ಟು.

ಪೂರ್ತಿ ಇಲ್ಲವೆಂದೇ ನಂಬಿದ್ದೆ ನಾನು.
ಹನ್ನೊಂದು ವರ್ಷ ಒಂದು ಸಲವೂ ಕೇಳಿರಲಿಲ್ಲ.

ಪ್ಲಾಸ್ಟಿಕ್ ಸುತ್ತಲು ಅವಳು ಬಿಡಲಿಲ್ಲ.
ಹಿಮ ಬಂದದ್ದೂ ಗೊತ್ತಾಗಲಿ ಅಂದಳು.
ಆ ಏಪ್ರಿಲ್ ಮುಗಿಯುವಷ್ಟರಲ್ಲಿ ನಾಲ್ಕು ಬ್ಯಾಟರಿ ತೀರಿದವು.
ತಾತ ಮೂರಕ್ಕಷ್ಟೇ ದುಡ್ಡು ತಗೊಂಡ.